ಕಿವುಡಿನ ಜೊತೆಗೆ ಇನ್ನೊಂದು ತೊಡಕಿರುವ ಮಕ್ಕಳು

ಮುಂದಿನ ಬಾರಿ ಟಿ.ವಿ. ಮುಂದೆ ಕುಳಿತಾಗ ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ವಾರ್ತೆಯೋ ನಾಟಕವೋ ನಡೆಯುತ್ತಿರುವಾಗ ಧ್ವನಿಯನ್ನು ಪೂರ್ತಿಯಾಗಿ ಇಳಿಸಿಬಿಡಿ. ಮಾತು ಕೇಳಿಸದಿದ್ದರೂ ಮುಖಭಾವದಿಂದ, ಕೈಸನ್ನೆಯಿಂದ, ತೆರೆಯ ಮೇಲೆ ಮೂಡುವ ಅಕ್ಷರಗಳಿಂದ ಅಷ್ಟಿಷ್ಟು ವಿಷಯ ತಿಳಿಯುತ್ತದೆ. ಆಮೇಲೆ ಧ್ವನಿ ಏರಿಸಿ, ಕಣ್ಣು ಮುಚ್ಚಿಕೊಳ್ಳಿ. ಈಗ ಅದು ರೇಡಿಯೋ ಆಯಿತು. ಆಗಲೂ ಸಾಕಷ್ಟು ಅರ್ಥವಾಗುತ್ತದೆ. ಕೊನೆಗೆ ಧ್ವನಿಯನ್ನೂ ಇಳಿಸಿ, ಕಣ್ಣನ್ನೂ ಮುಚ್ಚಿ. ಏನು ಉಳಿಯಿತು? ಮೊದಲ ಸಲ ಅರ್ಧ ಹೋಯಿತು, ಎರಡನೆಯ ಸಲವೂ ಅರ್ಧ ಹೋಯಿತು. ಮೂರನೆಯ ಸಲವಾದರೋ, ಕಾರ್ಯಕ್ರಮ ನಡೆಯುತ್ತಿದೆಯೋ ಮುಗಿಯಿತೋ, ಕೋಣೆಯೊಳಗೆ ಯಾರಾದರೂ ಬಂದರೋ ಎದ್ದು ಹೋದರೋ, ಅದೂ ನಿಮಗೆ ತಿಳಿಯಲಿಲ್ಲ.

ಧ್ವನಿ ಹೋದಾಗ ನಿಮ್ಮ ನೆರವಿಗೆ ಬಂದದ್ದು ಕಣ್ಣು. ಕಿವುಡು ಮಕ್ಕಳ ಶಿಕ್ಷಣ ನಿಂತಿರುವುದೂ ಇದೇ ನೆರವಿನ ಮೇಲೆ. ಕಿವಿ ಕೇಳಿಸದಿದ್ದರೆ ತುಟಿಯನ್ನು ನೋಡಲು ಕಣ್ಣಿದೆ, ಸಂಜ್ಞೆ ಮಾಡಲು ಕೈಯಿದೆ, ಎದುರಿನವರ ಮುಖ ನೋಡಿ ಕಲಿಯುವ ಆಸೆಯಿದೆ ಎಂದು ಭಾವಿಸಿಯೇ ಶಿಕ್ಷಕರು ಪಾಠ ಆರಂಭಿಸುತ್ತಾರೆ. ಆದರೆ ಆ ಕಣ್ಣೇ ಮಂಜಾಗಿದ್ದರೆ? ಕೈ ಹೇಳಿದಂತೆ ಕೇಳದಿದ್ದರೆ? ಎದುರಿನವರ ಮುಖ ನೋಡುವುದೇ ಮಗುವಿಗೆ ಹಿಂಸೆಯಾಗಿದ್ದರೆ? ಅಂಥ ಮಗುವಿಗೆ ಕಿವುಡರ ಶಾಲೆಯ ಪಾಠವಷ್ಟೇ ಸಾಲದು. ಅದಕ್ಕೆ ಏನು ಬೇಕು ಎಂಬುದನ್ನು ತೆರೆಯ ಮೇಲಿನ ಕೆಲವೇ ನಿಮಿಷಗಳಲ್ಲಿ ಹೇಳಿ ಮುಗಿಸಲು ಆಗದು; ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಇಂಥ ಮಕ್ಕಳು ಎಲ್ಲೋ ಸಾವಿರಕ್ಕೊಬ್ಬರು ಎಂದು ನೀವು ಭಾವಿಸಿರಬಹುದು. ಅಮೆರಿಕದ ಗ್ಯಾಲೊಡೆಟ್ ವಿಶ್ವವಿದ್ಯಾಲಯವು ಅಲ್ಲಿನ ಕಿವುಡು ವಿದ್ಯಾರ್ಥಿಗಳ ಬಗ್ಗೆ ಹಲವು ವರ್ಷಗಳ ಕಾಲ ನಡೆಸಿದ ಸಮೀಕ್ಷೆಗಳಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಇನ್ನೊಂದಾದರೂ ತೊಂದರೆ ಇದ್ದದ್ದು ದಾಖಲಾಗಿದೆ. ಓದು ಬರಹದ ತೊಡಕು, ಗಮನ ನಿಲ್ಲದಿರುವುದು ಮುಂತಾದವೂ ಈ ಲೆಕ್ಕದಲ್ಲಿ ಸೇರಿವೆ ಎಂಬುದನ್ನು ಮರೆಯಬಾರದು. ನಮ್ಮ ದೇಶದ 2011ರ ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವವರು ಸುಮಾರು 21 ಲಕ್ಷ ಎಂದು ಕಂಡುಬಂತು. ಇವರಲ್ಲಿ ಕಿವುಡಿರುವವರೂ ಇದ್ದಾರೆ, ಇಲ್ಲದವರೂ ಇದ್ದಾರೆ.

ಒಂದೇ ಏಟಿಗೆ ಎರಡು ಗಾಯ

ಎರಡು ತೊಂದರೆಗಳು ಒಂದೇ ಮಗುವಿಗೆ ಬರುವುದೇಕೆ? ಹಿರಿಯರು ಹಣೆಬರಹ ಎನ್ನುತ್ತಾರೆ. ವೈದ್ಯರು ಹೇಳುವ ಕಾರಣ ಹೆಚ್ಚು ಸರಳ. ಬಹಳ ಸಂದರ್ಭಗಳಲ್ಲಿ ಮೂಲ ಒಂದೇ. ಅದು ಒಂದಕ್ಕಿಂತ ಹೆಚ್ಚು ಅಂಗಗಳನ್ನು ಮುಟ್ಟಿರುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಕಣ್ಣು, ಕಿವಿ, ಮಿದುಳು ಮೂರೂ ಇನ್ನೂ ಎಳೆಯವು. ಮೂರಕ್ಕೂ ಪೆಟ್ಟು ಬೀಳಬಹುದು. ಮಿದುಳಿನ ಪೊರೆಗೆ ಸೋಂಕು ತಗುಲುವ ಮೆನಿಂಜೈಟಿಸ್ ರೋಗ ಕಿವಿಯ ಒಳಭಾಗವನ್ನೂ ಮಿದುಳನ್ನೂ ಒಟ್ಟಿಗೆ ಹಾಳುಮಾಡಬಹುದು.

ಈ ಮಾತಿಗೆ ಅತ್ಯಂತ ಸ್ಪಷ್ಟವಾದ ಉದಾಹರಣೆ ರುಬೆಲ್ಲಾ, ಅಂದರೆ ಜರ್ಮನ್ ದಡಾರ. ಮಕ್ಕಳಿಗೆ ಬಂದರೆ ಇದು ನೆಗಡಿಯಷ್ಟೇ ಹಗುರ. ಸ್ವಲ್ಪ ಜ್ವರ, ಮೈಮೇಲೆ ಕೆಂಪು ಗುಳ್ಳೆ, ಮೂರು ದಿನದಲ್ಲಿ ವಾಸಿ. 1941ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಒಂದು ವಿಚಿತ್ರವನ್ನು ಗಮನಿಸಿದರು. ಹುಟ್ಟುವಾಗಲೇ ಕಣ್ಣಿಗೆ ಪೊರೆ ಬಂದಿದ್ದ ಕೂಸುಗಳು ಅವರ ಬಳಿಗೆ ಒಂದರ ಹಿಂದೆ ಒಂದರಂತೆ ಬರತೊಡಗಿದ್ದವು. ವಯಸ್ಸಾದವರ ಕಣ್ಣಿಗೆ ಬರುವ ಪೊರೆ ಇಷ್ಟೊಂದು ಹಸುಳೆಗಳಿಗೆ ಬಂದದ್ದೇಕೆ? ಹೊರಗೆ ಕಾಯುತ್ತಿದ್ದ ತಾಯಂದಿರು ತಮ್ಮತಮ್ಮಲ್ಲಿ ಆಡಿಕೊಂಡ ಮಾತಿನಲ್ಲಿ ಉತ್ತರವಿತ್ತು. ಬಸುರಿಯಾಗಿದ್ದಾಗ ತಮಗೆ ಜರ್ಮನ್ ದಡಾರ ಬಂದಿತ್ತೆಂದು ಅವರು ಹೇಳಿಕೊಳ್ಳುತ್ತಿದ್ದರು. ಗ್ರೆಗ್ 78 ಶಿಶುಗಳ ವಿವರ ಕಲೆಹಾಕಿ ಪ್ರಕಟಿಸಿದರು. ಈ ಮಕ್ಕಳಲ್ಲಿ ಅನೇಕರಿಗೆ ಹೃದಯದ ದೋಷವಿತ್ತು. ಕಿವಿಯೂ ಕೇಳಿಸುವುದಿಲ್ಲ ಎಂಬುದು ಸ್ವಲ್ಪ ಕಾಲದಲ್ಲೇ ಖಚಿತವಾಯಿತು. ಹೆಂಗಸರ ಹರಟೆ ಎಂದು ಆ ವೈದ್ಯರು ಕಿವಿ ಮುಚ್ಚಿಕೊಂಡಿದ್ದರೆ ಈ ಸಂಗತಿ ಹೊರಬೀಳಲು ಇನ್ನೆಷ್ಟು ವರ್ಷ ಬೇಕಾಗುತ್ತಿತ್ತೋ!

ಗರ್ಭದ ಮೊದಲ ಮೂರು ತಿಂಗಳಲ್ಲಿ ಕಣ್ಣು, ಕಿವಿ, ಹೃದಯಗಳು ರೂಪುಗೊಳ್ಳುತ್ತಿರುತ್ತವೆ. ಆ ಸಮಯದಲ್ಲಿ ತಾಯಿಗೆ ರುಬೆಲ್ಲಾ ತಗುಲಿದರೆ ಹತ್ತರಲ್ಲಿ ಒಂಬತ್ತು ಸಂದರ್ಭಗಳವರೆಗೂ ಮಗುವಿಗೆ ಅಪಾಯ ತಟ್ಟಬಹುದು. 1964 ಮತ್ತು 1965ರಲ್ಲಿ ಅಮೆರಿಕದಲ್ಲಿ ಈ ರೋಗ ದೊಡ್ಡದಾಗಿ ಹಬ್ಬಿತು. ಅದರ ಫಲವಾಗಿ ಸುಮಾರು 20,000 ಶಿಶುಗಳು ಹುಟ್ಟಿನಿಂದಲೇ ರುಬೆಲ್ಲಾದ ಗುರುತು ಹೊತ್ತು ಬಂದವು. ಅವುಗಳಲ್ಲಿ 11,000ಕ್ಕೂ ಹೆಚ್ಚು ಮಕ್ಕಳಿಗೆ ಕಿವಿ ಕೇಳಿಸುತ್ತಿರಲಿಲ್ಲ, ಸುಮಾರು 3,500 ಮಕ್ಕಳಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಎರಡೂ ಇಲ್ಲದವರು ಸಾಕಷ್ಟು ಮಂದಿ. ಅಲ್ಲಿನ ಕಿವುಡರ ಶಾಲೆಗಳೂ ಅಂಧರ ಶಾಲೆಗಳೂ ಇಷ್ಟೊಂದು ಮಕ್ಕಳನ್ನು ಕಂಡು ಕಂಗಾಲಾದವು. ಈ ಮಕ್ಕಳಿಗಾಗಿ ಇಂದು ನಾವು ಬಳಸುವ ಬೋಧನಾ ವಿಧಾನಗಳಲ್ಲಿ ಅನೇಕವು ರೂಪುಗೊಂಡದ್ದು ಆ ವರ್ಷಗಳಲ್ಲಿಯೇ.

ಈ ಕಥೆಗೂ ನಿಮಗೂ ಒಂದು ನೇರ ಸಂಬಂಧವಿದೆ. ನಿಮ್ಮಲ್ಲಿ ಅನೇಕರು 2017ರಲ್ಲಿ ಅಂಗನವಾಡಿಯಲ್ಲಿಯೋ ಶಾಲೆಯಲ್ಲಿಯೋ ಸಾಲಾಗಿ ನಿಂತು ತೋಳಿಗೆ ಒಂದು ಚುಚ್ಚುಮದ್ದು ಹಾಕಿಸಿಕೊಂಡಿರಬಹುದು. ಅದು ದಡಾರ ಮತ್ತು ರುಬೆಲ್ಲಾ ಎರಡಕ್ಕೂ ತಡೆ. ಆ ವರ್ಷದ ಫೆಬ್ರವರಿಯಲ್ಲಿ ದೇಶದ ಅಭಿಯಾನ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಲಸಿಕೆ ಹಾಕಲಾಯಿತು. ಹುಡುಗರಿಗೇಕೆ ಎಂದು ಆಗ ಕೇಳಿದವರಿದ್ದರು. ರೋಗ ಹರಡುವುದಕ್ಕೆ ಹುಡುಗ ಹುಡುಗಿ ಎಂಬ ಭೇದವಿಲ್ಲ. ಶಾಲೆಯಿಂದ ತಮ್ಮ ತಂದ ರುಬೆಲ್ಲಾ ಮನೆಯಲ್ಲಿರುವ ಬಸುರಿ ಅಕ್ಕನಿಗೆ ತಗುಲುತ್ತದೆ. ಈಗ ಈ ಲಸಿಕೆ ಸಾಮಾನ್ಯ ಲಸಿಕಾ ಕಾರ್ಯಕ್ರಮದಲ್ಲೇ ಸೇರಿದೆ. ಮೊದಲನೆಯದು ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು ಒಂದೂವರೆ ವರ್ಷದ ಆಸುಪಾಸಿನಲ್ಲಿ.

'ಮಂದಬುದ್ಧಿ' ಎಂಬ ಅವಸರದ ತೀರ್ಪು

ಮಗುವೊಂದು ಮಾತಾಡುವುದಿಲ್ಲ, ಕರೆದರೆ ತಿರುಗುವುದಿಲ್ಲ, ಹೇಳಿದ ಕೆಲಸ ಮಾಡುವುದಿಲ್ಲ, ಹಿಡಿದರೆ ಕಚ್ಚುತ್ತದೆ. ನೆರೆಹೊರೆಯವರು ಕೂಡಲೇ ತೀರ್ಪು ಕೊಡುತ್ತಾರೆ, ಮಂದಬುದ್ಧಿ ಎಂದು. ಕೆಲವೊಮ್ಮೆ ಪರೀಕ್ಷೆ ಮಾಡುವವರೂ ಹಾಗೆಯೇ ಬರೆದುಬಿಡುತ್ತಾರೆ. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬಾಯಲ್ಲಿ ಕೇಳಿದರೆ ಕಿವುಡು ಮಗುವಿಗೆ ಸೊನ್ನೆಯೇ ಬರುತ್ತದೆ. ಚಿತ್ರ ತೋರಿಸಿ ಕೇಳಿದರೆ ಕಣ್ಣು ಕಾಣದ ಕಿವುಡು ಮಗುವಿಗೆ ಸೊನ್ನೆ. ಗೊಂಬೆಗಳನ್ನು ಜೋಡಿಸು ಎಂದರೆ ಕೈ ಸೆಟೆದ ಮಗುವಿಗೆ ಸೊನ್ನೆ. ಅಳೆದದ್ದು ಕಿವಿಯನ್ನು, ಕಣ್ಣನ್ನು, ಕೈಯನ್ನು. ಚೀಟಿಯ ಮೇಲೆ ಬರೆದದ್ದು ಬುದ್ಧಿಯ ಬಗ್ಗೆ. ನಿಜವಾಗಿಯೂ ಬೌದ್ಧಿಕ ಬೆಳವಣಿಗೆಯ ಕೊರತೆ ಇರುವ ಕಿವುಡು ಮಕ್ಕಳು ಇಲ್ಲವೆಂದಲ್ಲ. ಆದರೆ ಯಾರಿಗೆ ಇದೆ, ಯಾರಿಗೆ ಇಲ್ಲ ಎಂದು ಹೇಳಲು ಮಗುವಿಗೆ ಒಗ್ಗುವ ರೀತಿಯ ಪರೀಕ್ಷೆ ಬೇಕು, ಮತ್ತು ಒಂದೇ ದಿನದಲ್ಲಿ ಹೇಳಲಾಗದು.

ಇದರ ವಿರುದ್ಧ ದಿಕ್ಕಿನ ತಪ್ಪೂ ಆಗುತ್ತದೆ. ಆಟಿಸಂ ಇರುವ ಕಿವುಡು ಮಗು ಹೆಸರು ಕರೆದರೆ ನೋಡದಿದ್ದಾಗ "ಕಿವಿ ಕೇಳಿಸುವುದಿಲ್ಲವಲ್ಲ, ಅದಕ್ಕೇ" ಎಂದು ಸುಮ್ಮನಾಗುತ್ತಾರೆ. ಅದರ ಆಟಿಸಂ ಎಷ್ಟೋ ವರ್ಷಗಳ ತನಕ ಯಾರ ಗಮನಕ್ಕೂ ಬರುವುದಿಲ್ಲ.

ಕಿವಿಯ ಮಟ್ಟಿಗಾದರೂ ಇಂದು ಮಗುವಿನ ಸಹಕಾರವನ್ನೇ ಕೇಳದ ಪರೀಕ್ಷೆಗಳಿವೆ. ನಿದ್ದೆ ಮಾಡುತ್ತಿರುವ ಎರಡು ದಿನದ ಕೂಸಿಗೂ ಅವನ್ನು ಮಾಡಬಹುದು. ಓ.ಎ.ಇ. ಎಂಬುದು ಒಳಗಿವಿ ಸದ್ದಿಗೆ ಪ್ರತಿಸ್ಪಂದಿಸುತ್ತದೆಯೇ ಎಂದು ನೋಡುತ್ತದೆ. ಬೆರಾ ಎಂಬುದು ಆ ಸದ್ದು ನರದ ಮೂಲಕ ಮಿದುಳಿನ ಬುಡವನ್ನು ಮುಟ್ಟಿತೇ ಎಂದು ನೋಡುತ್ತದೆ. ಎರಡೂ ಏಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹುಟ್ಟಿದ ಕೂಸುಗಳಿಗೆ ಕಾಮಾಲೆ ಬರುವುದು ಸಾಮಾನ್ಯ, ಬಹುಪಾಲು ತಾನಾಗಿ ಇಳಿಯುತ್ತದೆ. ಮಿತಿ ಮೀರಿ ಏರಿದರೆ ಆಸ್ಪತ್ರೆಯಲ್ಲಿ ನೀಲಿ ಬೆಳಕಿನಡಿ ಮಲಗಿಸುತ್ತಾರೆ. ಅದೂ ಆಗದೆ ಉಳಿದರೆ ಆ ಹಳದಿ ವಸ್ತು ಮಿದುಳಿನಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ಜಾಗಕ್ಕೂ ಶ್ರವಣದ ನರಮಾರ್ಗಕ್ಕೂ ಹಾನಿಮಾಡುತ್ತದೆ. ಇಂಥ ಮಗುವಿನ ಒಳಗಿವಿ ಚೆನ್ನಾಗಿಯೇ ಇರುವುದರಿಂದ ಮೊದಲ ಪರೀಕ್ಷೆಯಲ್ಲಿ ಪಾಸಾಗಬಹುದು, ಸದ್ದು ಮಾತ್ರ ಮಿದುಳನ್ನು ಮುಟ್ಟದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಗಳು ನಡೆಯುತ್ತವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ವೈದ್ಯರ ತಂಡ ಶಂಕೆಯಿರುವ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳಿಸಿಕೊಡುತ್ತದೆ.

ಬಚ್ಚಲುಮನೆಯ ಕೂಗು

ಇನ್ನು ಪರೀಕ್ಷೆಯ ಮಾತು ಸಾಕು, ಮನೆಯೊಳಕ್ಕೆ ಹೋಗೋಣ. ಆರು ವರ್ಷದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಅವನನ್ನು ಪುಟ್ಟ ಎಂದು ಕರೆಯೋಣ. ಕಿವಿ ಕೇಳಿಸುವುದಿಲ್ಲ, ಕಣ್ಣಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ದಿನಾ ಬೆಳಿಗ್ಗೆ ಬಚ್ಚಲುಮನೆಯಿಂದ ಅವನ ಕೂಗು ಬೀದಿಯ ತನಕ ಕೇಳಿಸುತ್ತದೆ. ಅಜ್ಜಿಯನ್ನು ಪರಚುತ್ತಾನೆ, ಚೊಂಬನ್ನು ಎಸೆಯುತ್ತಾನೆ. ಹಟಮಾರಿ ಎನ್ನುತ್ತಾರೆ ಎಲ್ಲರೂ.

ಆ ಬೆಳಗನ್ನು ಒಮ್ಮೆ ಪುಟ್ಟನ ಕಡೆಯಿಂದ ನೋಡಿ. ಬೆಚ್ಚಗೆ ಕುಳಿತಿದ್ದಾನೆ. ಯಾವ ಸೂಚನೆಯೂ ಇಲ್ಲದೆ ಎರಡು ಕೈಗಳು ಗಾಳಿಯಿಂದ ಇಳಿದು ಅವನನ್ನು ಎತ್ತುತ್ತವೆ. ಬಟ್ಟೆ ಕಳಚುತ್ತದೆ, ಕಾಲ ಕೆಳಗೆ ತಣ್ಣನೆಯ ಕಲ್ಲು. ನಂತರ ತಲೆಯ ಮೇಲೆ ಧಾರಾಕಾರವಾಗಿ ಬಿಸಿನೀರು! ಹಂಡೆಯ ಸದ್ದು ಕೇಳುವ, ಹಬೆಯನ್ನು ನೋಡುವ ನಮಗೆ ಸ್ನಾನ ಬರುತ್ತಿದೆ ಎಂದು ಮೊದಲೇ ಗೊತ್ತು. "ಬಾ ಮಗು, ನೀರು ಹಾಕ್ತೀನಿ" ಎಂದು ಅಜ್ಜಿ ಹೇಳಿದ್ದೂ ಪುಟ್ಟನ ಮಟ್ಟಿಗೆ ನಡೆದೇ ಇಲ್ಲ. ಅವನ ಪಾಲಿಗೆ ಜಗತ್ತು ಯಾವಾಗ ಬೇಕಾದರೂ ಮೈಮೇಲೆ ಬೀಳುವ ವಸ್ತು. ಕೂಗದೆ ಇನ್ನೇನು ಮಾಡಿಯಾನು?

ಈಗ ಒಂದು ಚಿಕ್ಕ ಬದಲಾವಣೆ ಮಾಡಿ. ಸ್ನಾನಕ್ಕೆ ಮುಂಚೆ ಅಜ್ಜಿ ಪುಟ್ಟನ ಪಕ್ಕ ಕುಳಿತು, ಮೊದಲು ತನ್ನ ಬಳೆಯನ್ನು ಅವನ ಕೈಗೆ ತಾಗಿಸುತ್ತಾರೆ. ಬಂದವರು ಅಜ್ಜಿ ಎಂದು ತಿಳಿಯಲಿ ಎಂಬುದಕ್ಕೆ. ಆಮೇಲೆ ಒಂದು ಸಣ್ಣ ಚೊಂಬನ್ನು ಅವನ ಕೈಯಲ್ಲಿ ಇಡುತ್ತಾರೆ. ಅವನು ಅದನ್ನು ತಡವಿ ನೋಡುವ ತನಕ ಕಾಯುತ್ತಾರೆ. ಆ ಚೊಂಬನ್ನು ಹಿಡಿದುಕೊಂಡೇ ಇಬ್ಬರೂ ಬಚ್ಚಲಿಗೆ ನಡೆಯುತ್ತಾರೆ. ಅಲ್ಲಿ ಮೊದಲು ಕೈಗೆ ನೀರು, ಆಮೇಲೆ ಕಾಲಿಗೆ, ಕೊನೆಗೆ ತಲೆಗೆ. ದಿನವೂ ಅದೇ ಚೊಂಬು, ಅದೇ ಕ್ರಮ. ಒಂದೆರಡು ವಾರದಲ್ಲಿ ಫಲ ಕಾಣಬೇಕೆಂದು ಅವಸರಪಡಬಾರದು, ತಿಂಗಳುಗಳೇ ಹಿಡಿಯಬಹುದು. ಆದರೆ ಒಂದು ದಿನ ಚೊಂಬು ಕೈಗೆ ಬಂದ ಕೂಡಲೇ ಮಗು ತಾನಾಗಿ ಎದ್ದು ನಿಲ್ಲುತ್ತದೆ. ಚೊಂಬು ಎಂದರೆ ಸ್ನಾನ ಎಂದು ಅದು ಅರಿತಿದೆ. ಅದು ಅದರ ಮೊದಲ ಪದ.

ಇನ್ನೊಂದು ದಿನ ಮಗು ಆ ಚೊಂಬನ್ನು ನಿಧಾನವಾಗಿ ದೂರ ತಳ್ಳಬಹುದು. 'ಈಗ ಬೇಡ' ಎಂದು ಅದು ಹೇಳಿದೆ, ಪರಚದೆ, ಕೂಗದೆ. ಶಿಸ್ತಿನ ಹೆಸರಿನಲ್ಲಿ ಆಗಲೂ ಎಳೆದುಕೊಂಡು ಹೋದರೆ, ಹೇಳಿ ಪ್ರಯೋಜನವಿಲ್ಲ ಎಂದೇ ಮಗು ಕಲಿಯುತ್ತದೆ. ಆ ದಿನ ಸ್ನಾನ ಅರ್ಧ ಗಂಟೆ ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಇದಕ್ಕೆ ಗುರುತುವಸ್ತುಗಳ ವಿಧಾನ ಎನ್ನಬಹುದು. ಊಟಕ್ಕೆ ತಟ್ಟೆ, ಮಲಗುವುದಕ್ಕೆ ಕಂಬಳಿಯ ತುಂಡು, ಹೀಗೆ. ವಸ್ತುವನ್ನು ಆರಿಸುವಲ್ಲಿ ನಾವು ಹೆಚ್ಚಾಗಿ ಎಡವುತ್ತೇವೆ. ಬಸ್ಸಿನ ಪ್ರಯಾಣಕ್ಕೆ ಆಟಿಕೆಯ ಬಸ್ಸನ್ನು ಕೊಟ್ಟರಾಯಿತು ಎನಿಸುತ್ತದೆ. ಆದರೆ ಬಸ್ಸಿನ ಆಕಾರವನ್ನೇ ನೋಡದ ಮಗುವಿಗೆ ಆ ಆಟಿಕೆ ಬರಿಯ ಪ್ಲಾಸ್ಟಿಕ್ ತುಂಡು. ಅದರ ಮಟ್ಟಿಗೆ ಬಸ್ಸು ಎಂದರೆ ತಾನು ಹಿಡಿದು ನಿಲ್ಲುವ ತಣ್ಣನೆಯ ಕಬ್ಬಿಣದ ಕಂಬಿ. ಆದ್ದರಿಂದ ಒಂದು ಗೇಣು ಕಬ್ಬಿಣದ ಕೊಳವೆಯೇ ಸರಿಯಾದ ಗುರುತು. ಇಂಥ ವಸ್ತುಗಳನ್ನು ದಿನದ ಕ್ರಮದಲ್ಲಿ ಸಾಲಾಗಿ ಡಬ್ಬಿಗಳಲ್ಲಿಟ್ಟರೆ ಅದೇ ಮಗುವಿನ ದಿನಚರಿ ಪುಸ್ತಕ. ಒಂದು ಕೆಲಸ ಮುಗಿದಾಗ ಅದರ ವಸ್ತುವನ್ನು ಕೊನೆಯಲ್ಲಿರುವ 'ಮುಗಿಯಿತು' ಬುಟ್ಟಿಗೆ ಮಗುವೇ ಹಾಕುತ್ತದೆ. ಮುಂದಿನ ಡಬ್ಬಿಗೆ ಕೈ ಹಾಕಿ, ಇನ್ನೇನು ಬರಲಿದೆ ಎಂದು ನೋಡುತ್ತದೆ. ನಾಳೆ ಎಂಬ ಕಲ್ಪನೆ ಇಂಥ ಮಗುವಿಗೆ ಮೂಡುವುದು ಹೀಗೆ.

ಈ ಕ್ರಮವನ್ನು ರೂಪಿಸಿದವರಲ್ಲಿ ಪ್ರಮುಖರು ನೆದರ್ಲೆಂಡಿನ ಯಾನ್ ಫಾನ್ ಡೈಕ್. 1960ರ ದಶಕದಲ್ಲಿ ಅಲ್ಲಿನ ಸಿಂಟ್ ಮಿಖಿಲ್ಸ್‌ಗೆಸ್ಟೆಲ್ ಎಂಬ ಊರಿನ ಕಿವುಡರ ಸಂಸ್ಥೆಯಲ್ಲಿ ಅವರು ರುಬೆಲ್ಲಾದಿಂದ ಕಿವುಡಾದ, ಕಣ್ಣೂ ಕುಂದಿದ ಮಕ್ಕಳೊಡನೆ ಕೆಲಸಮಾಡಿದರು. ಮಗುವಿಗೆ ಪಾಠ ಹೇಳುವ ಮೊದಲು ಅದರ ಚಲನೆಯಲ್ಲಿ ತಾವೂ ಸೇರಿಕೊಳ್ಳಬೇಕು ಎಂಬುದು ಅವರ ದಾರಿ. ಮಗು ತೂಗಾಡುತ್ತಿದ್ದರೆ ಪಕ್ಕದಲ್ಲಿ ಕುಳಿತು ಅದರೊಂದಿಗೆ ತೂಗಾಡುವುದು. ಸ್ವಲ್ಪ ಹೊತ್ತಿನ ಮೇಲೆ ನಿಲ್ಲಿಸಿಬಿಡುವುದು. ಮಗು ಏನು ಮಾಡುತ್ತದೆಂದು ಕಾಯುವುದು. ಜೋಕಾಲಿಯಲ್ಲಿ ಕೂರಿಸಿ ನಾಲ್ಕು ಸಲ ತೂಗಿ ನಿಲ್ಲಿಸಿದರೆ ಮಗು ಮೈಯನ್ನು ಒಮ್ಮೆ ಮುಂದಕ್ಕೆ ಜಗ್ಗಬಹುದು. 'ಇನ್ನೂ ಬೇಕು' ಎಂಬುದು ಅದರ ಅರ್ಥ. ಕೂಡಲೇ ಮತ್ತೆ ತೂಗಬೇಕು. ಹೇಳಲು ಸುಲಭ. ಆ ನಡುವಿನ ಕಾಯುವಿಕೆಯೇ ಕಷ್ಟ; ನಮಗೆ ಐದು ಸೆಕೆಂಡು ಸುಮ್ಮನಿರಲು ಬರುವುದಿಲ್ಲ.

ಸ್ಪರ್ಶದ ಶಾಲೆ

ಕಿವಿ, ಕಣ್ಣು ಎರಡೂ ಇಲ್ಲದವರ ಬಗ್ಗೆ ಮಾತು ಬಂದರೆ ನಮ್ಮ ಪಠ್ಯಪುಸ್ತಕಗಳು ಹೆಲೆನ್ ಕೆಲರ್ ಅವರಲ್ಲಿಗೆ ಬಂದು ನಿಲ್ಲುತ್ತವೆ. ಅವರಿಗಿಂತ ಐವತ್ತು ವರ್ಷ ಮೊದಲೇ ಈ ದಾರಿಯಲ್ಲಿ ನಡೆದ ಹುಡುಗಿ ಲಾರಾ ಬ್ರಿಜ್‌ಮನ್. 1829ರಲ್ಲಿ ಹುಟ್ಟಿದ ಆಕೆ ಎರಡನೆಯ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ, ಶ್ರವಣಗಳೆರಡನ್ನೂ ಕಳೆದುಕೊಂಡಳು. 1837ರಲ್ಲಿ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯ ಸ್ಯಾಮ್ಯುಯೆಲ್ ಹೌ ಆಕೆಯನ್ನು ಕರೆತಂದು, ಚಮಚ, ಬೀಗದ ಕೈ ಮುಂತಾದವುಗಳಿಗೆ ಉಬ್ಬಿದ ಅಕ್ಷರಗಳ ಚೀಟಿ ಅಂಟಿಸಿ ಪದಗಳನ್ನು ಕಲಿಸಿದರು. ಮುಂದೆ ಅದೇ ಶಾಲೆಯ ವಿದ್ಯಾರ್ಥಿನಿ ಆನ್ ಸಲಿವನ್ ಲಾರಾ ಅವರೊಡನೆ ಮಾತನಾಡಲೆಂದು ಬೆರಳಕ್ಷರಗಳನ್ನು ಕಲಿತಳು; 1887ರಲ್ಲಿ ಅದನ್ನೇ ಹೆಲೆನ್ ಎಂಬ ಆರು ವರ್ಷದ ಹುಡುಗಿಯ ಅಂಗೈಗೆ ಮುಟ್ಟಿಸಿದಳು. ಹೆಲೆನ್ ಕೆಲರ್ 1955ರಲ್ಲಿ ಭಾರತಕ್ಕೂ ಬಂದಿದ್ದರು.

ಆದರೆ ಹೆಲೆನ್ ಅವರ ಕಥೆಯನ್ನು ಎಲ್ಲ ಮಕ್ಕಳಿಗೂ ಅಳತೆಗೋಲು ಮಾಡಬಾರದು. ಅವರು ಹತ್ತೊಂಬತ್ತು ತಿಂಗಳ ಕಾಲ ಕಂಡು, ಕೇಳಿದ್ದವರು. ಹುಟ್ಟಿನಿಂದಲೇ ಎರಡೂ ಇಲ್ಲದ, ಜೊತೆಗೆ ಹೃದಯದ ದೋಷವೋ ಬೌದ್ಧಿಕ ಕೊರತೆಯೋ ಇರುವ ಮಗು ಪದವಿ ಪಡೆಯದೆ ಹೋಗಬಹುದು. ತನ್ನ ತಟ್ಟೆಯನ್ನು ತಾನು ಗುರುತಿಸಿ, ಹಸಿವಾದಾಗ ಹಸಿವು ಎಂದು ತಿಳಿಸಬಲ್ಲದಾದರೆ ಆ ಮನೆಯ ಬದುಕೇ ಬೇರೆಯಾಗುತ್ತದೆ. ಇನ್ನೊಂದು ಮಾತು: ಶ್ರವಣ, ದೃಷ್ಟಿ ಎರಡರಲ್ಲೂ ದೋಷವಿರುವ ಮಕ್ಕಳಲ್ಲಿ ಬಹುಪಾಲಿಗೆ ಅಷ್ಟೋ ಇಷ್ಟೋ ಕಾಣುತ್ತದೆ, ಅಥವಾ ಕೇಳಿಸುತ್ತದೆ. ಕಣ್ಣಿನ ಪೊರೆಯನ್ನು ಬೇಗ ತೆಗೆಸುವುದು, ಸರಿಯಾದ ಕನ್ನಡಕ, ಶ್ರವಣಸಾಧನ, ಇವುಗಳಿಂದ ಆ ಉಳಿಕೆಯನ್ನು ಕಾಪಾಡಿಕೊಳ್ಳಬೇಕು.

ಭಾರತದಲ್ಲಿ ಇಂಥ ಮಕ್ಕಳಿಗಾಗಿಯೇ ಮೊದಲ ಶಾಲೆ ಆರಂಭವಾದದ್ದು ಮುಂಬಯಿಯಲ್ಲಿ, 1977ರಲ್ಲಿ. ಬೆರೋಜ್ ವಾಚ್ಛಾ ಅವರು ಸ್ಥಾಪಿಸಿದ ಆ ಸಂಸ್ಥೆಗೆ ಹೆಲೆನ್ ಕೆಲರ್ ಅವರ ಹೆಸರನ್ನೇ ಇಡಲಾಯಿತು. 1997ರಿಂದ ಅಹಮದಾಬಾದಿನ ಸೆನ್ಸ್ ಇಂಡಿಯಾ ಸಂಸ್ಥೆಯೂ ಬೇರೆ ಬೇರೆ ರಾಜ್ಯಗಳ ಸಂಸ್ಥೆಗಳ ಜೊತೆಗೂಡಿ ಈ ಕೆಲಸ ಮಾಡುತ್ತ ಬಂದಿದೆ.

ಕೈ ಕೇಳದ ಮಗು, ಸಂಜೆ ಎಡವುವ ಮಗು

ಸೆರೆಬ್ರಲ್ ಪಾಲ್ಸಿ ಇರುವ ಕಿವುಡು ಮಗುವಿನ ತೊಡಕು ಬೇರೆ. ಅದು ಸಂಜ್ಞೆಯನ್ನು ನೋಡಿ ಅರ್ಥಮಾಡಿಕೊಳ್ಳುತ್ತದೆ, ತಾನು ಮಾಡಹೋದರೆ ಕೈ ಬೇರೆಲ್ಲಿಗೋ ಹೋಗುತ್ತದೆ. ಅಲ್ಲಿ ಶಿಕ್ಷಕರು ಸಂಜ್ಞೆಯನ್ನು ತಿದ್ದುತ್ತ ಕೂರುವುದಕ್ಕಿಂತ, ಮಗುವಿನದೇ ರೂಪವನ್ನು ಒಪ್ಪಿಕೊಂಡು ಮನೆಯವರಿಗೂ ಅದನ್ನು ತಿಳಿಸುವುದು ಲೇಸು. ಚಿತ್ರಗಳ ಹಲಗೆಯೊಂದನ್ನು ಮುಂದಿಟ್ಟು, ಬೆರಳಿನಿಂದಲೋ ಬರಿಯ ಕಣ್ಣೋಟದಿಂದಲೋ ಮಗು ಬೇಕಾದುದನ್ನು ತೋರಿಸುವಂತೆ ಮಾಡಬಹುದು. ಬೆನ್ನಿಗೆ, ಕುತ್ತಿಗೆಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸುವುದು ಪಾಠದ ಮೊದಲ ಭಾಗ. ತಲೆ ವಾಲುತ್ತಿರುವ ಮಗು ಸಂಜ್ಞೆ ಮಾಡುವವರನ್ನು ನೋಡುವುದಾದರೂ ಹೇಗೆ? ಆಟಿಸಂ ಇರುವ ಕಿವುಡು ಮಗುವಿಗೂ ಚಿತ್ರಗಳು ನೆರವಾಗುತ್ತವೆ. ಚಿತ್ರ ಯಾರ ಮುಖವನ್ನೂ ನೋಡೆಂದು ಒತ್ತಾಯಿಸುವುದಿಲ್ಲ.

ಅಷರ್ ಸಿಂಡ್ರೋಮ್ ಎಂಬುದನ್ನು ನೀವು ವಿಶೇಷವಾಗಿ ತಿಳಿದಿರಬೇಕು, ಏಕೆಂದರೆ ಇದನ್ನು ಮೊದಲು ಗಮನಿಸುವವರು ಸಹಪಾಠಿಗಳೇ ಆಗಿರಬಹುದು. ಇದು ವಂಶವಾಹಿಯಿಂದ ಬರುವ ತೊಂದರೆ. ಇದರ ತೀವ್ರ ರೂಪದಲ್ಲಿ ಮಗು ಹುಟ್ಟಿನಿಂದ ಕಿವುಡು, ನಡೆಯುವುದು ತಡ, ಆಮೇಲೆ ಹತ್ತು ವರ್ಷದ ಹೊತ್ತಿಗೆ ಇರುಳುಗುರುಡು ಕಾಣಿಸಿಕೊಳ್ಳುತ್ತದೆ. ನಂತರ ಅಕ್ಕಪಕ್ಕದ ನೋಟ ಕುಗ್ಗುತ್ತ, ಕೊಳವೆಯಲ್ಲಿ ನೋಡಿದಂತೆ ನಡುವಿನ ಭಾಗ ಮಾತ್ರ ಉಳಿಯುತ್ತದೆ. ಹಗಲಲ್ಲಿ ಚೆನ್ನಾಗಿ ಓದುವ ಕಿವುಡು ಹುಡುಗಿ ಸಂಜೆಯಾದರೆ ಬೆಂಚಿಗೆ ಎಡವುತ್ತಾಳೆ, ಪಕ್ಕದಿಂದ ಕೈಯಾಡಿಸಿದರೆ ನೋಡುವುದಿಲ್ಲ, ಮಂದ ಬೆಳಕಿನಲ್ಲಿ ಸಂಜ್ಞೆಗೆ ಉತ್ತರಿಸುವುದಿಲ್ಲ. ಜಂಭ ಎಂದುಕೊಳ್ಳುತ್ತಾರೆ ಗೆಳತಿಯರು. ಕಣ್ಣಿನ ವೈದ್ಯರಿಗೆ ತೋರಿಸಬೇಕಾದ ಸಂಗತಿ ಅದು. ಮುಂಚೆಯೇ ತಿಳಿದರೆ ಕಣ್ಣು ಇರುವಾಗಲೇ ಬ್ರೈಲ್ ಲಿಪಿಯನ್ನೂ, ಕೈಯನ್ನು ಮುಟ್ಟಿ ಸಂಜ್ಞೆ ಓದುವುದನ್ನೂ ಕಲಿಯಬಹುದು. ತಂದೆ ತಾಯಿ ಇಬ್ಬರೂ ದೋಷವಿರುವ ಒಂದೇ ವಂಶವಾಹಿಯನ್ನು ಹೊತ್ತಿದ್ದರೆ ಪ್ರತಿ ಬಸುರಿನಲ್ಲೂ ನಾಲ್ಕಕ್ಕೊಂದರಷ್ಟು ಸಂಭವ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮ ಕಡೆ ಇರುವುದರಿಂದ ಈ ಲೆಕ್ಕ ನಮಗೆ ಮುಖ್ಯ. ಹಾಗೆಂದು ಆಗಲೇ ಮಗುವಿರುವ ತಾಯಿಯ ಮುಂದೆ ಇದನ್ನು ಎತ್ತಿ ಆಡುವುದು ಕ್ರೌರ್ಯ.

ಎರಡು ಬಾಗಿಲುಗಳ ನಡುವೆ

ಕಿವುಡರ ಶಾಲೆಗೆ ಹೋದರೆ "ಕಣ್ಣು ಕಾಣುವುದಿಲ್ಲವಲ್ಲ, ಅಂಧರ ಶಾಲೆಗೆ ಹೋಗಿ" ಎನ್ನುತ್ತಾರೆ. ಅಲ್ಲಿ "ಕಿವಿ ಕೇಳಿಸುವುದಿಲ್ಲವಲ್ಲ" ಎನ್ನುತ್ತಾರೆ. ಮಗುವನ್ನು ಸೊಂಟದ ಮೇಲೆ ಹೊತ್ತ ತಾಯಿ ಎರಡು ಬಾಗಿಲುಗಳ ನಡುವೆ ತಿರುಗುತ್ತಲೇ ಮಗುವಿನ ಕಲಿಯುವ ವಯಸ್ಸು ಕಳೆದುಹೋಗುತ್ತದೆ. ಶಾಲೆಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿಯಿರುವಲ್ಲಿ, ಒಂದೇ ಮಗುವಿನ ಕೈ ಹಿಡಿದು ಕೂರುವವರು ಯಾರು?

ಕಾನೂನು ಮಾತ್ರ ಈಗ ಸ್ಪಷ್ಟವಾಗಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಹೆಸರಿಸಿದ ಏಳು ವರ್ಗಗಳಲ್ಲಿ ಈ ಮಕ್ಕಳಿಗೆ ಪ್ರತ್ಯೇಕ ಸ್ಥಾನವಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಬಹುವಿಧ ಅಂಗವೈಕಲ್ಯವನ್ನು ಸೇರಿಸಿಕೊಂಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವಿಧಗಳನ್ನು ಪಟ್ಟಿಮಾಡಿ, ಶ್ರವಣ ಮತ್ತು ದೃಷ್ಟಿ ಎರಡೂ ಇಲ್ಲದಿರುವುದನ್ನು ಬಹುವಿಧ ವೈಕಲ್ಯದಡಿ ಹೆಸರಿಸಿ ಹೇಳಿತು. ವೈಕಲ್ಯ ಶೇಕಡಾ 40ಕ್ಕೆ ಕಡಿಮೆಯಿಲ್ಲದ, 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ.

ಶಿಕ್ಷಕರ ಕೊರತೆ ನೀಗಬೇಕಾದರೆ ನಿಮ್ಮಲ್ಲಿ ಕೆಲವರು ಈ ಕಡೆ ಬರಬೇಕು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ವಾಕ್ ಮತ್ತು ಶ್ರವಣ ವಿಜ್ಞಾನದ ಪದವಿಯಿದೆ. ಮೈಸೂರಿನ ಸಂಸ್ಥೆ ಇದಕ್ಕೆ ಹೆಸರಾದದ್ದು. ಪದವಿ ಮುಗಿಸಿದವರು ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮಾಡಬಹುದು. ಯಾವ ಕೋರ್ಸಿಗೇ ಸೇರಲಿ, ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿ.

ವೃತ್ತಿಗೆ ಬಾರದವರಿಗೂ ನೆರೆಮನೆಯಲ್ಲಿ ಇಂಥ ಮಗುವಿದ್ದರೆ ಮಾಡಬಹುದಾದದ್ದಿದೆ. ವಾರಕ್ಕೆ ಒಂದು ಗಂಟೆ ಆ ಮಗುವಿನ ಬಳಿ ಕುಳಿತರೆ ತಾಯಿಗೆ ಅಂಗಡಿಗೆ ಹೋಗಿಬರಲು ಬಿಡುವಾಗುತ್ತದೆ. ಓದುವ ಅಕ್ಕನಿಗೆ ಓದಲು ಸಿಗುತ್ತದೆ. ಹತ್ತಿರ ಹೋಗುವಾಗ ಎದುರಿನಿಂದ ಹೋಗಿ. ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ. ಮಗುವಿಗೆ ಅಷ್ಟಿಷ್ಟು ಕಾಣಿಸುವುದಾದರೆ ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ತೋಳನ್ನು ಮೆಲ್ಲಗೆ ಮುಟ್ಟಿ, ಕಾಯಿರಿ. ನಿಮ್ಮ ಗುರುತಾಗಿ ಕೈಗಡಿಯಾರವನ್ನೋ ಬಳೆಯನ್ನೋ ತಡವಲು ಕೊಡಿ. ದಿನಾ ಅದನ್ನೇ ಹಾಕಿಕೊಂಡು ಹೋಗಿ. ಯಾವ ವಸ್ತುವನ್ನಾದರೂ ತೋರಿಸುವಾಗ ಮಗುವಿನ ಕೈಯನ್ನು ಹಿಡಿದು ಎಳೆಯಬಾರದು. ನಿಮ್ಮ ಕೈಯನ್ನು ಅದರ ಕೈಯ ಕೆಳಗೆ ಸೇರಿಸಿ, ನೀವು ಮುಟ್ಟಿ ನೋಡುತ್ತಿರುವುದನ್ನು ಅದು ತಾನಾಗಿ ತಿಳಿಯುವಂತೆ ಮಾಡಿ. ಸಾಕೆನಿಸಿದರೆ ಕೈ ತೆಗೆದುಕೊಳ್ಳಲು ಅದಕ್ಕೆ ಸ್ವಾತಂತ್ರ್ಯವಿರುತ್ತದೆ. ಯಾರು ಹೇಳು ನೋಡೋಣ ಎಂದು ಸತಾಯಿಸುವ ಆಟ ಬೇಡ. ಹೊರಡುವಾಗಲೂ ಹೇಳದೆ ಎದ್ದು ಬರಬೇಡಿ. ಅದೇ ಬಳೆಯನ್ನು ಮತ್ತೊಮ್ಮೆ ತಡವಿಸಿ, ಅದರ ಕೈಯನ್ನು ನಿಮ್ಮ ಕೈಯ ಮೇಲಿಟ್ಟುಕೊಂಡು ಹೋಗಿಬರುತ್ತೇನೆ ಎಂದು ಬೀಸಿ ಬನ್ನಿ. ಇಲ್ಲವಾದರೆ ನೀವು ಎದ್ದುಹೋದ ಮೇಲೂ ಆ ಮಗು ನೀವಿದ್ದ ಕಡೆಗೆ ಕೈ ಚಾಚಿಕೊಂಡು ಕುಳಿತಿರುತ್ತದೆ.